ಪದ ಬೇಕು: ಪ್ಯಾಕಿಂಗ್ ಕಾನೂನಿನ ‘ಪ್ರೊಡ್ಯೂಸರ್’ ಕನ್ನಡದಲ್ಲಿ ಯಾರು?

ಎಲ್ಲರಿಗೂ ನಮಸ್ಕಾರ. ಆಟಿಕೆ, ಅಗರಬತ್ತಿಗಳನ್ನು ಯುರೋಪಿನ ಗಿರಾಕಿಗಳಿಗೆ ನೇರವಾಗಿ ಪಾರ್ಸೆಲ್ ಮಾಡುವವರಿಗೆ ಒಂದು ಕೈಪಿಡಿ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮಾರಿದ ಸರಕಿನ ಪ್ಯಾಕಿಂಗ್ ಕಸದ ಖರ್ಚನ್ನೂ ಹೊರಬೇಕೆನ್ನುವ ‘ಎಕ್ಸ್‌ಟೆಂಡೆಡ್ ಪ್ರೊಡ್ಯೂಸರ್ ರೆಸ್ಪಾನ್ಸಿಬಿಲಿಟಿ’ಗೆ ‘ವಿಸ್ತೃತ ಉತ್ಪಾದಕರ ಹೊಣೆಗಾರಿಕೆ’ ಎಂದು ಹಾಕಿದ್ದೇನೆ. ಡಬ್ಬ ತಯಾರಿಸಿದವರ ಹೊಣೆ ಎಂದು ಓದುಗರು ತಿಳಿಯುವ ಹಾಗಿದೆ. ಬೇರೆ ಪದ?

—

> ವಿಸ್ತೃತ ಉತ್ಪಾದಕರ

ಹಿಗ್ಗಿದ್ದು ಉತ್ಪಾದಕರಲ್ಲ, ಹೊಣೆ. ವಿಶೇಷಣ ತಪ್ಪು ಜಾಗದಲ್ಲಿದೆ. ‘ಗಾರಿಕೆ’ಯನ್ನೂ ತೆಗೆಯಿರಿ. ಹಳಗನ್ನಡದ ಪೊಣೆ, ತಮಿಳಿನ ಪಿಣೈ, ಎರಡಕ್ಕೂ ಜಾಮೀನು ಎಂದೇ ಅರ್ಥ. ಮಾರಿದ ಸರಕಿನ ಕಸಕ್ಕೂ ಜಾಮೀನು ನಿಲ್ಲುವುದೇ ಈ ಕಾನೂನಿನ ತಿರುಳು. ‘ಜವಾಬ್ದಾರಿ’ ಮಾತ್ರ ಬೇಡ.

—

ತೊಡಕಿರುವುದು ‘ಉತ್ಪಾದಕ’ದಲ್ಲಿ. ಜರ್ಮನಿಯಲ್ಲಿ, ಸರಕು ತುಂಬಿದ ಪ್ಯಾಕನ್ನು ಅಲ್ಲಿನ ಮಾರುಕಟ್ಟೆಗೆ ವ್ಯಾಪಾರಕ್ಕಾಗಿ ಮೊದಲು ಇಳಿಸಿದವರೇ ಉತ್ಪಾದಕರು. ಇಲ್ಲಿಂದ ನೇರ ಗಿರಾಕಿಗೆ ಕಳಿಸಿದರೆ ಕಳಿಸಿದವರೇ. ಒಂದೇ ಪಾರ್ಸೆಲ್ ಆದರೂ ವಿನಾಯಿತಿ ಇಲ್ಲ. ಮೊದಲು ಅಲ್ಲಿನ ಪ್ಯಾಕಿಂಗ್ ದಾಖಲೆಪಟ್ಟಿಯಾದ ಲೂಸಿಡ್‌ನಲ್ಲಿ ಉಚಿತ ನೋಂದಣಿ. ಆ ನಂಬರ್ ಕೊಟ್ಟು ಒಂದು ಡ್ಯುಯಲ್ ಸಿಸ್ಟಮ್ (ಪ್ಯಾಕಿಂಗ್ ಕಸ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಕಂಪನಿ) ಜೊತೆ ಒಪ್ಪಂದ, ಕಾಗದ, ಪ್ಲಾಸ್ಟಿಕ್, ಗಾಜಿಗೆ ಬೇರೆಬೇರೆ ಕಿಲೋ ಲೆಕ್ಕದಲ್ಲಿ ಹಣ. ಅದೇ ಕಿಲೋಗಳನ್ನು ಮತ್ತೆ ಲೂಸಿಡ್‌ನಲ್ಲೂ ತುಂಬಬೇಕು. ಹೊರಗಿನ ರಟ್ಟಿನ ಪೆಟ್ಟಿಗೆ, ಒಳಗೆ ತುರುಕಿದ ಕಾಗದ, ಟೇಪ್ ಎಲ್ಲ ತೂಕಕ್ಕೆ ಸೇರುತ್ತವೆ. ಬಹಳ ಮಂದಿ ಒಳಡಬ್ಬ ಮಾತ್ರ ತೂಗಿ ಎಡವುತ್ತಾರೆ. ಸಿಸ್ಟಮ್ ಸೇರದಿದ್ದರೆ 2 ಲಕ್ಷ ಯೂರೋವರೆಗೆ ದಂಡ. 2022ರ ಜುಲೈ 1ರಿಂದ ನಂಬರ್ ಇಲ್ಲದವರ ಸರಕನ್ನು ಆನ್‌ಲೈನ್ ಮಾರುಕಟ್ಟೆಗಳು ಮಾರುವಂತಿಲ್ಲ.

ಆಸ್ಟ್ರಿಯಾದಲ್ಲಿ 2023ರಿಂದ ಹೊರದೇಶದ ಅಂಚೆ ಮಾರಾಟಗಾರರಿಗೆ ಅಲ್ಲಿಯದೇ ಅಧಿಕೃತ ಪ್ರತಿನಿಧಿ ಬೇಕು, ಮುಖ್ತಿಯಾರ್‌ನಾಮೆಗೆ ನೋಟರಿ ಆಗಿರಬೇಕು. ಫ್ರಾನ್ಸಿನಲ್ಲಿ ಮನೆಬಳಕೆಯ ಪ್ಯಾಕ್ ಮೇಲೆ ಕಸ ಬೇರ್ಪಡಿಸಲು ಹೇಳುವ ತ್ರಿಮಾನ್ ಗುರುತು, ಯಾವ ಭಾಗ ಯಾವ ಕಸದ ಡಬ್ಬಿಗೆ ಎಂಬ ಸೂಚನೆ. ಬ್ರಿಟನ್ನಿನಲ್ಲಿ ವಹಿವಾಟು 10 ಲಕ್ಷ ಪೌಂಡ್ ಮುಟ್ಟಿ, ಪ್ಯಾಕಿಂಗ್ ವರ್ಷಕ್ಕೆ 25 ಟನ್ ದಾಟಿದರೆ ಮಾತ್ರ ಕಂಪನಿಗೆ ಹೊಣೆ.

ಹಾಗಾಗಿ ‘ಮಾರುಕಟ್ಟೆಗಿಳಿಸುವವರ ಹೊಣೆ’ ಎನ್ನಿ.

—

ಮುಖ್ತಿಯಾರ್‌ನಾಮೆ ನಡೆಯುತ್ತದೆ, ಜವಾಬ್ದಾರಿ ಬೇಡವೇ? ಜವಾಬು ಅರಬ್ಬಿ, ದಾರ್ ಪಾರಸಿ, ಒಪ್ಪೋಣ. ‘ಗಾರ’ವೂ ಸಂಸ್ಕೃತದ ‘ಕಾರ’ವೇ. ಬಳೆಗಾರ, ಮಾಲೆಗಾರರನ್ನೂ ನಿಘಂಟಿನಿಂದ ಓಡಿಸುತ್ತೀರಾ? ಕೈಪಿಡಿ ಓದುವವರು ವ್ಯಾಪಾರಿಗಳು. ಅವರ ಬಾಯಲ್ಲಿರುವುದು ಜವಾಬ್ದಾರಿ.

—

ಬಾಯಲ್ಲಿರುವುದೆಲ್ಲ ಬರಹಕ್ಕೆ ಬೇಕಿಲ್ಲ.

—

‘ಮಾರುಕಟ್ಟೆಗಿಳಿಸುವವರ ಹೊಣೆ’ ಶೀರ್ಷಿಕೆಗೆ ತೆಗೆದುಕೊಂಡೆ. ಇಟಲಿಗೂ ಇದೇ ಸಾಕೇ?

—

ಸಾಲದು. ಅಲ್ಲಿ ಪ್ಯಾಕಿಂಗ್ ಕಸ ನೋಡಿಕೊಳ್ಳುವ ಒಕ್ಕೂಟವಾದ ಕೊನಾಯ್‌ನ ವಂತಿಗೆ ಬೀಳುವುದು ಖಾಲಿ ಡಬ್ಬ ತಯಾರಕರಿಂದ ಮೊದಲ ಬಳಕೆದಾರರಿಗೆ ಕೈಬದಲಾಗುವಾಗ. ತಯಾರಕರ ಬಿಲ್ಲಿನಲ್ಲೇ ಬೇರೆ ಸಾಲಾಗಿ ಬರುತ್ತದೆ. ತುಂಬಿದ ಸರಕು ತರಿಸಿದರೆ ಆಮದುದಾರರ ತಲೆಗೆ. ಇಟಲಿಯ ಪುಟದಲ್ಲಿ ‘ತಯಾರಕರು’, ‘ಆಮದುದಾರರು’ ಎಂದು ಬಿಡಿಸಿಯೇ ಬರೆಯಿರಿ.