ಮುರುಗಲು (ಕೋಕಂ) ಮರಗಳು ಹೂ ಬಿಟ್ಟರೂ ಕಾಯಿ ಕಚ್ಚುತ್ತಿಲ್ಲ, ಏನು ಮಾಡಬಹುದು?

ಪ್ರಶ್ನೆ: ಸಿದ್ದಾಪುರದ ತೋಟಿಗ

ನಮ್ಮ ಅಡಿಕೆ ತೋಟದ ಮೇಲಿನ ಬೆಟ್ಟದಲ್ಲಿ 9 ವರ್ಷಗಳ ಹಿಂದೆ 14 ಮುರುಗಲು ಸಸಿಗಳನ್ನು ನೆಟ್ಟಿದ್ದೆ; ಎಲ್ಲವೂ ಬೀಜದ ಸಸಿಗಳು. ಎರಡು ವರ್ಷಗಳಿಂದ ಎಲ್ಲ ಮರಗಳೂ ಹೂ ಬಿಡುತ್ತಿವೆಯಾದರೂ ಕಾಯಿ ಕಚ್ಚಿದ್ದು 6 ಮರಗಳಲ್ಲಿ ಮಾತ್ರ. ಉಳಿದ 8 ಮರಗಳ ಬುಡದಲ್ಲಿ ಜನವರಿ ಹೊತ್ತಿಗೆ ಹೂವು ಹಾಸಿದಂತೆ ಉದುರಿರುತ್ತದೆ. ಸಸಿ ಕೊಟ್ಟವರು ಗೊಬ್ಬರ ಸಾಲದೆಂದರು. ಸಗಣಿ ಗೊಬ್ಬರ, ಬೂದಿ ಹಾಕಿಯೂ ಪ್ರಯೋಜನವಾಗಲಿಲ್ಲ. ಇವನ್ನು ಕಡಿದು ಹೊಸದಾಗಿ ನೆಡಬೇಕೇ, ಬೇರೆ ದಾರಿಯಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಕುಮಟೆಯ ಕಸಿಗಾರ

ಗೊಬ್ಬರದ ದೋಷವಲ್ಲ ಸ್ವಾಮಿ, ಆ 8 ಮರಗಳು ಗಂಡು. ಮುರುಗಲಿನಲ್ಲಿ ಗಂಡು ಹೂ ಮತ್ತು ಹೆಣ್ಣು ಹೂ ಬೇರೆ ಬೇರೆ ಮರಗಳಲ್ಲಿ ಬಿಡುತ್ತವೆ. ಬೀಜದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಾಗುವುದು ಸಾಮಾನ್ಯ. ಏಳೆಂಟು ವರ್ಷ ಕಳೆದು ಹೂ ಕಾಣಿಸಿಕೊಳ್ಳುವವರೆಗೆ ಅದನ್ನು ನೋಡಿ ಹೇಳುವಂತಿಲ್ಲ. ಖಚಿತಪಡಿಸಿಕೊಳ್ಳಬೇಕೆಂದರೆ ಒಂದು ಹೂವನ್ನು ಬಿಡಿಸಿ ನೋಡಿ: ಹೆಣ್ಣು ಹೂವಿನ ನಡುವೆ ಹಸಿರು ಗುಂಡನೆಯ ಪುಟ್ಟ ಕಾಯಿ ಮೊದಲೇ ಕುಳಿತಿರುತ್ತದೆ, ಗಂಡು ಹೂಗಳು ಗೊಂಚಲಾಗಿದ್ದು, ಅವುಗಳ ನಡುವೆ ಪುಡಿ ತುಂಬಿದ ಕೇಸರಗಳ ಮುದ್ದೆ ಮಾತ್ರ ಇರುತ್ತದೆ.

ಬುಡಸಮೇತ ಕಡಿಯುವ ಅಗತ್ಯವಿಲ್ಲ. ಗಂಡು ಮರವನ್ನು ಸೊಂಟದೆತ್ತರಕ್ಕೆ ಕತ್ತರಿಸಿ, ಒಡೆಯುವ ಚಿಗುರುಗಳಲ್ಲಿ ಗಟ್ಟಿಯಾದ ಎರಡು ಮೂರನ್ನು ಉಳಿಸಿಕೊಂಡು, ಅವು ಇನ್ನೂ ಎಳೆಯದಾಗಿರುವಾಗಲೇ ನಿಮ್ಮಲ್ಲಿ ಚೆನ್ನಾಗಿ ಕಾಯುವ ಹೆಣ್ಣು ಮರದ ಕಡ್ಡಿಯನ್ನು ಕಸಿ ಕಟ್ಟಬಹುದು. ಕಡ್ಡಿಯನ್ನು ನೆಟ್ಟಗೆ ಮೇಲಕ್ಕೆ ಬೆಳೆಯುವ ಚಿಗುರಿನಿಂದಲೇ ತೆಗೆಯಿರಿ. ಮೊದಲ ಸಲ ನಾನು ಸುಲಭಕ್ಕೆ ಸಿಕ್ಕಿತೆಂದು ಅಡ್ಡ ಕೊಂಬೆಯ ಕಡ್ಡಿ ಕಟ್ಟಿದ್ದೆ. ಗಿಡ ಮೇಲೇಳದೆ ಪೊದೆಯಂತೆ ಪಕ್ಕಕ್ಕೆ ಹರಡಿಕೊಂಡು ಇಂದಿಗೂ ನನ್ನನ್ನು ಅಣಕಿಸುತ್ತಿದೆ. ಪರಾಗಕ್ಕಾಗಿ ಒಂದೆರಡು ಗಂಡು ಮರಗಳನ್ನು ಹಾಗೆಯೇ ಬಿಡಿ.

ಉತ್ತರ 2: ಪುತ್ತೂರಿನಿಂದ

ನಮ್ಮ ಕಡೆ ಪುನರ್ಪುಳಿ ಎನ್ನುವ ಈ ಮರದಲ್ಲಿ ಕಾಯಿ ಎಷ್ಟು ಬಿಟ್ಟಿತು ಎಂಬುದಕ್ಕಿಂತ ಯಾವಾಗ ಹಣ್ಣಾಯಿತು ಎಂಬುದು ಮುಖ್ಯ. ಸಿಪ್ಪೆಯನ್ನು ಅದರದೇ ರಸ ಮತ್ತು ಉಪ್ಪಿನಲ್ಲಿ ಅದ್ದಿ ಅದ್ದಿ ಬಿಸಿಲಿಗೆ ಹಾಕಬೇಕಾದ್ದರಿಂದ, ಮಳೆ ಹಿಡಿದ ಮೇಲೆ ಹಣ್ಣಾಗುವ ಮರದ ಬೆಳೆ ಅಂಗಳದಲ್ಲೇ ಬೂಸಲು ಹಿಡಿಯುತ್ತದೆ. ಹಾಗಾಗಿ ಏಪ್ರಿಲ್ ತಿಂಗಳಲ್ಲೇ ಕೆಂಪಾಗತೊಡಗುವ ಮರದಿಂದ ಕಡ್ಡಿ ಆರಿಸಿ. ಕಸಿಗಿಡವನ್ನೇ ನೆಡುವುದಾದರೆ ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ಕೊಂಕಣ ಅಮೃತಾ, ಕೊಂಕಣ ಹಾತಿಸ್ ತಳಿಗಳಿವೆ.

ಬೀಜವನ್ನೂ ಎಸೆಯಬೇಡಿ. ಒಣಗಿಸಿ, ಸಿಪ್ಪೆ ಬಿಡಿಸಿ, ಪುಡಿ ಮಾಡಿ ನೀರಲ್ಲಿ ಕುದಿಸಿದರೆ ಮೇಲೆ ತೇಲುವ ಎಣ್ಣೆ ಆರಿದಾಗ ಮೇಣದಂತೆ ಗಟ್ಟಿಯಾಗುತ್ತದೆ. ಹಿಮ್ಮಡಿ ಒಡೆದವರಿಗೆ ಅದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ. ಸೌಂದರ್ಯ ಸಾಧನಗಳನ್ನು ತಯಾರಿಸುವವರೂ ಇದನ್ನು ಕೊಳ್ಳುತ್ತಾರೆ.

ಮರುಪ್ರಶ್ನೆ: ಸಿದ್ದಾಪುರದ ತೋಟಿಗ

ಇಬ್ಬರಿಗೂ ಕೃತಜ್ಞತೆಗಳು. ಉಳಿಸಿಕೊಳ್ಳಬೇಕಾದ ಎರಡು ಗಂಡು ಮರಗಳಿಗೆ ನಿನ್ನೆಯೇ ಸುಣ್ಣದ ಪಟ್ಟೆ ಬಳಿದೆ. ಮನೆಯ ಹಿಂದೆ ಹಳೆಯದೊಂದು ಬಿಳಿ ಮುರುಗಲಿನ ಮರವಿದ್ದು ವಿಪರೀತ ಕಾಯುತ್ತದೆ. ಅದರ ಕಡ್ಡಿಯನ್ನೇ ಕಟ್ಟಬಹುದೇ?

ಉತ್ತರ 3: ಕುಮಟೆಯ ಕಸಿಗಾರ

ಕಟ್ಟಬಹುದು, ಕಸಿ ಹಿಡಿಯುತ್ತದೆ. ಆದರೆ ಪಾನಕದ ಹಣ್ಣು ಕೊಳ್ಳುವವರು ನೋಡುವುದು ಕೆಂಪು ಬಣ್ಣವನ್ನು. ಬಿಳಿಯದರಲ್ಲಿ ಹುಳಿಯಿದ್ದರೂ ಆ ಬಣ್ಣವಿಲ್ಲ. ಮನೆಯ ಸಾರಿಗೆಂದು ಒಂದು ಮರಕ್ಕೆ ಬಿಳಿಯದನ್ನು ಕಟ್ಟಿ, ಉಳಿದ ಐದಕ್ಕೆ ಕೆಂಪನ್ನೇ ಕಟ್ಟಿ.