ಕ್ರೀ ಭಾಷೆಯ ನಾಲ್ಕು ಕ್ರಿಯಾಪದ ಗುಂಪುಗಳು: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೇವೆ?

ಪ್ರಶ್ನೆ

ಕೆನಡಾದ ಆಲ್ಬರ್ಟಾ, ಸಸ್ಕಾಚೆವಾನ್ ಕಡೆ ಆಡುವ ಪ್ಲೇನ್ಸ್ ಕ್ರೀ, ಅಂದರೆ ನೇಹಿಯವೇವಿನ್, ಕಲಿಯುತ್ತಿದ್ದೇನೆ. ನಿಘಂಟಿನಲ್ಲಿ ಪ್ರತಿ ಕ್ರಿಯಾಪದದ ಪಕ್ಕ ವಿಐಐ, ವಿಎಐ, ವಿಟಿಐ, ವಿಟಿಎ ಎಂಬ ಗುರುತು ಇರುತ್ತದೆ. 'ತಿನ್ನು' ಅನ್ನುವುದಕ್ಕೇ ಮೂರು ಪದ ಸಿಕ್ಕವು. ಅದರಲ್ಲಿ ಮೀಚಿವ್ ಎಂಬುದಕ್ಕೆ ಒಂದು ಪುಸ್ತಕ ವಿಎಐ ಅನ್ನುತ್ತದೆ, ಇನ್ನೊಂದು ವಿಟಿಐ ಅನ್ನುತ್ತದೆ. ನಮ್ಮ ಸಕರ್ಮಕ, ಅಕರ್ಮಕದ ಲೆಕ್ಕ ಇಲ್ಲಿ ನಡೆಯುತ್ತದೆಯೇ? ಪಟ್ಟಿಗಳನ್ನೆಲ್ಲ ಬಾಯಿಪಾಠ ಮಾಡಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ

ನಡೆಯುತ್ತದೆ, ಆದರೆ ಅರ್ಧ ಮಾತ್ರ. ಕ್ರೀಯಲ್ಲಿ ಎರಡು ಪ್ರಶ್ನೆ ಒಟ್ಟಿಗೆ ಕೇಳಬೇಕು: ಕರ್ಮ ಇದೆಯೇ? ಮತ್ತು ನಾಮಪದ ಸಜೀವವೋ ನಿರ್ಜೀವವೋ? ಈ ಸಜೀವ, ನಿರ್ಜೀವ ಭೇದವೇ ಇಲ್ಲಿ ಲಿಂಗ, ಗಂಡು ಹೆಣ್ಣಿನದಲ್ಲ. ಅಕರ್ಮಕವಾದರೆ ಕರ್ತೃವಿನ ಲಿಂಗ ನೋಡಿ, ಸಕರ್ಮಕವಾದರೆ ಕರ್ಮದ ಲಿಂಗ ನೋಡಿ. ವಿಐಐ ಎಂದರೆ ನಿರ್ಜೀವ ಕರ್ತೃ, ಕರ್ಮ ಇಲ್ಲ. ವಿಎಐ ಎಂದರೆ ಸಜೀವ ಕರ್ತೃ, ಕರ್ಮ ಇಲ್ಲ. ವಿಟಿಐ ಎಂದರೆ ಕರ್ಮ ನಿರ್ಜೀವ. ವಿಟಿಎ ಎಂದರೆ ಕರ್ಮ ಸಜೀವ.

ಕನ್ನಡದಲ್ಲಿ ಕಲ್ಲೂ ಬೀಳುತ್ತದೆ, ಬೂಟೂ ಬೀಳುತ್ತದೆ. ಕ್ರೀಯಲ್ಲಿ ಕಲ್ಲು, ಅಸಿನಿಯ್, ಸಜೀವ. ಅದು ಬಿದ್ದರೆ ಪಹ್ಕಿಸಿನ್. ಬೂಟು, ಮಸ್ಕಿಸಿನ್, ನಿರ್ಜೀವ. ಅದು ಬಿದ್ದರೆ ಪಹ್ಕಿಹ್ತಿನ್. ಬಣ್ಣ, ಗುಣ ಹೇಳುವ ಪದಗಳೂ ಇಲ್ಲಿ ಕ್ರಿಯಾಪದಗಳೇ, ಅವೂ ಜೋಡಿಯಾಗಿ ಬರುತ್ತವೆ: ವಾಪಿಸ್ಕಿಸಿವ್, ವಾಪಿಸ್ಕಾವ್ (ಬಿಳಿಯಾಗಿದೆ), ಮಿಯೊಸಿವ್, ಮಿಯ್ವಾಸಿನ್ (ಚೆನ್ನಾಗಿದೆ). ಮೊದಲನೆಯದು ಸಜೀವಕ್ಕೆ.

ಈಗ ನಿಮ್ಮ 'ತಿನ್ನು'. ಮೀಚಿಸೊವ್ ಎಂದರೆ ಊಟ ಮಾಡುತ್ತಾನೆ, ಏನನ್ನು ಎಂದು ಹೇಳುವ ಹಾಗಿಲ್ಲ. ಮಾಂಸ, ವಿಯಾಸ್, ನಿರ್ಜೀವ, ಆದ್ದರಿಂದ 'ವಿಯಾಸ್ ನಿಮೀಚಿನ್'. ಬ್ಯಾನಕ್ ರೊಟ್ಟಿ, ಪಹ್ಕ್ವೇಸಿಕನ್, ಸಜೀವ, ಆದ್ದರಿಂದ 'ಪಹ್ಕ್ವೇಸಿಕನ್ ನಿಮೊವಾವ್'. ರೊಟ್ಟಿಗೆ ನಿಮೀಚಿನ್ ಅಂದರೆ ಅದು ವ್ಯಾಕರಣದ ತಪ್ಪು. ಕೇಳುವವರಿಗೆ ಅರ್ಥವಾಗುತ್ತದೆ, ಆದರೆ ನೀವು ರೊಟ್ಟಿಯ ಲಿಂಗ ತಿಳಿಯದೆ ಮಾತಾಡುತ್ತಿದ್ದೀರಿ ಅನ್ನುವುದೂ ಗೊತ್ತಾಗುತ್ತದೆ.

ಲಿಂಗವನ್ನು ತರ್ಕದಿಂದ ಊಹಿಸಬೇಡಿ. ಮನುಷ್ಯರು, ಪ್ರಾಣಿಗಳು, ಮರಗಳು ಸಜೀವ. ಅಲ್ಲಿಗೆ ನಿಯಮ ಮುಗಿಯಿತು. ಕೆಟಲ್ (ಅಸ್ಕಿಹ್ಕ್), ಕಾಲುಚೀಲ (ಅಸಿಕನ್), ಕೈಗವಸು (ಅಸ್ತಿಸ್), ಸೇದುವ ಚಿಲುಮೆ (ಒಸ್ಪ್ವಾಕನ್), ದುಡ್ಡು (ಸೋನಿಯಾವ್), ಇವೆಲ್ಲ ಸಜೀವ. ರಾಸ್ಪ್‌ಬೆರಿ ಸಜೀವ, ಸ್ಟ್ರಾಬೆರಿ ನಿರ್ಜೀವ. ಮಿಸ್ತಿಕ್ ಎಂಬ ಒಂದೇ ಪದ ಮರವಾದರೆ ಸಜೀವ, ಕೋಲಾದರೆ ನಿರ್ಜೀವ. ಹೀಗಾಗಿ ನಾಮಪದವನ್ನು ಬಹುವಚನದ ಜೊತೆಗೇ ಕಲಿಯಿರಿ: ಸಜೀವಕ್ಕೆ -ಅಕ್ (ಅಸಿಕನಕ್), ನಿರ್ಜೀವಕ್ಕೆ -ಅ (ಮಸ್ಕಿಸಿನ). ಬಹುವಚನ ಗೊತ್ತಿದ್ದರೆ ಲಿಂಗ ಗೊತ್ತಾದಂತೆ.

ಉತ್ತರ

ಪಟ್ಟಿ ಬಾಯಿಪಾಠದ ಬಗ್ಗೆ. ಇಡೀ ವಿಟಿಎ ಪಟ್ಟಿ ಮೊದಲೇ ಹಿಡಿದು ಕೂರಬೇಡಿ, ಅದು ಕೊನೆಗೆ. ವಿಎಐ ಮೊದಲು, ಅದರ ಬೆನ್ನಿಗೆ ವಿಟಿಐ. ವಿಐಐಗೆ ನಾನು, ನೀನು ಇಲ್ಲವೇ ಇಲ್ಲ, ಹವಾಮಾನದ ಪದಗಳಿಂದ (ಕಿಮಿವನ್, ಮಳೆ ಬರುತ್ತಿದೆ, ಮಿಸ್ಪೊನ್, ಹಿಮ ಬೀಳುತ್ತಿದೆ) ಒಂದೆರಡು ದಿನದಲ್ಲಿ ಮುಗಿಯುತ್ತದೆ.

ನಿಘಂಟಿನಲ್ಲಿ ತಲೆಪದವಾಗಿ ಕೊಡುವುದು 'ಅವನು/ಅವಳು' ರೂಪ. ತೊಡಕು ಅಲ್ಲಿಯೇ, ಏಕೆಂದರೆ ಬೇರೆ ಬೇರೆ ಗುಂಪಿನ ಪದಗಳು ಒಂದೇ ಥರ ಮುಗಿಯುತ್ತವೆ. ಪಿಮೊಹ್ತೇವ್ (ನಡೆಯುತ್ತಾನೆ) ವಿಎಐ, ವಾಪಮೇವ್ (ಅವನನ್ನು ನೋಡುತ್ತಾನೆ) ವಿಟಿಎ, ಕಿಸಿತೇವ್ (ಬಿಸಿಯಾಗಿದೆ) ವಿಐಐ. ಮೂರೂ -ಏವ್. ಹಾಗೆಯೇ ನಿಪಾವ್ (ಮಲಗಿದ್ದಾನೆ) ವಿಎಐ, ವಾಪಿಸ್ಕಾವ್ ವಿಐಐ. ಆದ್ದರಿಂದ ಪದ ಕಲಿಯಲು ಮಾಡಿಕೊಳ್ಳುವ ಕಾರ್ಡಿನಲ್ಲಿ ತಲೆಪದದ ಜೊತೆ 'ನಾನು' ರೂಪವನ್ನೂ ಬರೆದುಕೊಳ್ಳಿ:

ನಿಪಾವ್ – ನಿನಿಪಾನ್
ಪಿಮೊಹ್ತೇವ್ – ನಿಪಿಮೊಹ್ತಾನ್
ವಾಪಹ್ತಮ್ (ಅದನ್ನು ನೋಡುತ್ತಾನೆ) – ನಿವಾಪಹ್ತೇನ್
ವಾಪಮೇವ್ – ನಿವಾಪಮಾವ್

ನಾನು ರೂಪದ ಕೊನೆ -ಏನ್ ಆದರೆ ವಿಟಿಐ, -ಆವ್ ಆದರೆ ವಿಟಿಎ, ಬೇರೆ ಸ್ವರ ಮತ್ತು ನ್ ಆದರೆ ವಿಎಐ ಮಾದರಿ. ವಿಎಐಯಲ್ಲಿ ಮೂಲದ ಏ ನಾನು, ನೀನು ರೂಪಗಳಲ್ಲಿ ಆ ಆಗುತ್ತದೆ ಎನ್ನುವುದನ್ನು ಮರೆಯಬೇಡಿ. ನಿಪಿಮೊಹ್ತೇನ್ ಅಂದರೆ ವಿಟಿಐ ಮಾಡಿದ ಹಾಗಾಯಿತು. ಸ್ವರದಿಂದ ಶುರುವಾಗುವ ಪದಕ್ಕೆ ನಡುವೆ ತ್ ಸೇರುತ್ತದೆ: ಅತೊಸ್ಕೇವ್ (ಕೆಲಸ ಮಾಡುತ್ತಾನೆ), ನಿತತೊಸ್ಕಾನ್.

ಆಲ್ಬರ್ಟಾ ವಿಶ್ವವಿದ್ಯಾಲಯದವರ ಇತ್ವೇವಿನ ಎಂಬ ಆನ್‌ಲೈನ್ ನಿಘಂಟಿನಲ್ಲಿ ನಿವಾಪಮಾವ್ ಎಂದು ಪೂರ್ಣ ರೂಪವನ್ನೇ ಹಾಕಿ ಹುಡುಕಿದರೂ ಮೂಲ ಪದಕ್ಕೆ ಕರೆದೊಯ್ಯುತ್ತದೆ, ರೂಪಗಳ ಪಟ್ಟಿಯನ್ನೂ ತೋರಿಸುತ್ತದೆ. ಅಲ್ಲಿ ಅರ್ಥದ ಸಾಲಿನಲ್ಲಿ 'ಯಾರನ್ನೋ' ಎಂಬ ಸಂಕ್ಷೇಪ ಇದ್ದರೆ ಮನುಷ್ಯರು ಎಂದುಕೊಳ್ಳಬೇಡಿ. ಕಾಲುಚೀಲವೂ ಆ 'ಯಾರೋ' ಆಗಬಹುದು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ಹಾಗಾದರೆ ಮೀಚಿವ್‌ಗೆ ನಿಮೀಚೇನ್ ಯಾಕಿಲ್ಲ? ಕರ್ಮ ನಿರ್ಜೀವ ತಾನೇ?

ಉತ್ತರ

ಅಲ್ಲೇ ಆ ಎರಡು ಪುಸ್ತಕಗಳ ಜಗಳ ಇರುವುದು. ಮೂರು ಅಕ್ಷರದ ಗುರುತು ಎರಡು ವಿಷಯವನ್ನು ಒಂದೇ ಉಸಿರಿನಲ್ಲಿ ಹೇಳಲು ನೋಡುತ್ತದೆ: ಪದ ಯಾವ ಪ್ರತ್ಯಯ ಹಚ್ಚಿಕೊಳ್ಳುತ್ತದೆ, ವಾಕ್ಯದಲ್ಲಿ ಕರ್ಮ ಬೇಡುತ್ತದೆಯೇ. ಬಹುಪಾಲು ಎರಡೂ ಹೊಂದುತ್ತವೆ. ಹೊಂದದ ಕಡೆ ಒಬ್ಬರು ರೂಪ ನೋಡಿ ಹೆಸರಿಡುತ್ತಾರೆ, ಇನ್ನೊಬ್ಬರು ಅರ್ಥ ನೋಡಿ. ಇಬ್ಬರೂ ತಪ್ಪಲ್ಲ. ಹೊಂದದವು ಮೂರು ಬಗೆ.

ಮೊದಲನೆಯದು, ಅರ್ಥ ಸಕರ್ಮಕ, ಪ್ರತ್ಯಯ ವಿಎಐಯದು. ಒಸೀಹ್ತಾವ್ (ಅದನ್ನು ಮಾಡುತ್ತಾನೆ, ತಯಾರಿಸುತ್ತಾನೆ), ಸಾಕಿಹ್ತಾವ್ (ಅದನ್ನು ಪ್ರೀತಿಸುತ್ತಾನೆ) ಮುಂತಾದ -ಹ್ತಾ ಪದಗಳು, ಮತ್ತು ಮೀಚಿವ್. 'ನಾನು' ರೂಪ ನಿತೊಸೀಹ್ತಾನ್, ನಿಮೀಚಿನ್. ಆದರೂ ಇವಕ್ಕೆ ವಿಟಿಎ ಜೋಡಿ ಇದೆ (ಒಸೀಹೇವ್, ಸಾಕಿಹೇವ್, ಮೊವೇವ್), ಕರ್ಮ ನಿರ್ಜೀವವೇ ಆಗಿರಬೇಕು. ಅದಕ್ಕೇ ಕೆಲವರು ಇವನ್ನು ವಿಟಿಐ 2, ವಿಟಿಐ 3 ಎಂದು ಕರೆಯುತ್ತಾರೆ.

ಎರಡನೆಯದು, ವಿಎಐ ಆಗಿದ್ದುಕೊಂಡೇ ಕರ್ಮ ಸಹಿಸುವವು: ಮಿನಿಹ್ಕ್ವೇವ್ (ಕುಡಿಯುತ್ತಾನೆ), ಅತಾವೇವ್ (ಕೊಳ್ಳುತ್ತಾನೆ), ಕಿಮೊತಿವ್ (ಕದಿಯುತ್ತಾನೆ). ನಿಪಿಯ್ ನಿಮಿನಿಹ್ಕ್ವಾನ್, ನೀರು ಕುಡಿಯುತ್ತೇನೆ. ಕರ್ಮದ ಲಿಂಗ ಯಾವುದಾದರೂ ರೂಪ ಬದಲಾಗುವುದಿಲ್ಲ.

ಮೂರನೆಯದು ಇದರ ತಿರುಗುಮುರುಗು. ಒಸ್ತೊಸ್ತೊತಮ್ ಎಂದರೆ ಕೆಮ್ಮುತ್ತಾನೆ. ಕರ್ಮವೇ ಇಲ್ಲ, ಆದರೂ ನಿತೊಸ್ತೊಸ್ತೊತೇನ್ ಎಂದು ವಿಟಿಐ ಪ್ರತ್ಯಯ.

ಕಾರ್ಡಿನ ಮೂಲೆಯಲ್ಲಿ ಎರಡು ಗುರುತು ಹಾಕಿಕೊಳ್ಳಿ, ಒಂದು ಪ್ರತ್ಯಯಕ್ಕೆ, ಒಂದು ಕರ್ಮಕ್ಕೆ. ಗೊಂದಲ ಅಲ್ಲಿಗೆ ಸಾಯುತ್ತದೆ.

ಉತ್ತರ

ವಿಟಿಎ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲ, ಆದ್ದರಿಂದ ಇದು. ನಿಜವಾದ ಬೆಟ್ಟ ಇದೇ.

ನಾವು ಕರ್ತೃವಿಗೆ ತಕ್ಕಂತೆ ಕ್ರಿಯಾಪದ ತಿರುಗಿಸಿ ಅಭ್ಯಾಸವಾದವರು. ವಿಟಿಎ ಕರ್ತೃ, ಕರ್ಮ ಎರಡನ್ನೂ ಹೊರುತ್ತದೆ, ಆದರೆ ಮುಂದೆ ಅಂಟುವ ಕಿ- ಅಥವಾ ನಿ- ಕರ್ತೃವನ್ನು ತೋರಿಸುವುದಿಲ್ಲ. ಅದು ಸರದಿಯಲ್ಲಿ ಯಾರು ಮೇಲೆ ಎಂದು ತೋರಿಸುತ್ತದೆ: ನೀನು, ಆಮೇಲೆ ನಾನು, ಆಮೇಲೆ ಅವನು. ವಾಕ್ಯದಲ್ಲಿ ಎಲ್ಲೇ 'ನೀನು' ಇದ್ದರೂ ಕಿ- ಬರುತ್ತದೆ. ಯಾರು ಯಾರಿಗೆ ಮಾಡಿದರು ಎನ್ನುವುದನ್ನು ನಡುವಿನ ಪ್ರತ್ಯಯ ಹೇಳುತ್ತದೆ.

ನಿವಾಪಮಾವ್ – ನಾನು ಅವನನ್ನು ನೋಡುತ್ತೇನೆ
ನಿವಾಪಮಿಕ್ – ಅವನು ನನ್ನನ್ನು ನೋಡುತ್ತಾನೆ
ಕಿವಾಪಮಿತಿನ್ – ನಾನು ನಿನ್ನನ್ನು ನೋಡುತ್ತೇನೆ
ಕಿವಾಪಮಿನ್ – ನೀನು ನನ್ನನ್ನು ನೋಡುತ್ತೀಯ

'ನಾನು ನಿನ್ನನ್ನು' ಎನ್ನುವಾಗ ಕನ್ನಡದವರ ಬಾಯಿಗೆ ನಿ- ಬಂದೇ ಬರುತ್ತದೆ. ಅಂಥ ರೂಪ ಕ್ರೀಯಲ್ಲಿಲ್ಲ. ಇನ್ನೊಂದು: ನಿವಾಪಮಿಕ್ ಕರ್ಮಣಿ ಪ್ರಯೋಗವಲ್ಲ, 'ಅವನಿಂದ ನೋಡಲ್ಪಟ್ಟೆ' ಎಂದು ಅನುವಾದಿಸಬೇಡಿ. ಯಾರು ಎಂದು ಹೇಳದೆ 'ನನ್ನನ್ನು ನೋಡಿದ್ದಾರೆ' ಅನ್ನಲು ನಿವಾಪಮಿಕವಿನ್ ಎಂಬ ಬೇರೆಯೇ ರೂಪವಿದೆ.

ಬಹುವಚನದಲ್ಲಿ ನಿವಾಪಮಾನಾನ್ ಎಂದರೆ ನಿನ್ನನ್ನು ಬಿಟ್ಟು ನಾವು ಅವನನ್ನು ನೋಡುತ್ತೇವೆ, ಕಿವಾಪಮಾನವ್ ಎಂದರೆ ನೀನೂ ಸೇರಿ. ತುಳುವಿನ ಎಂಕುಳು, ನಮ ಗೊತ್ತಿದ್ದವರಿಗೆ ಇದು ಹೊಸದಲ್ಲ.

ಮೇಲಿನ ನಾಲ್ಕು ರೂಪಗಳನ್ನು ಪ್ರತಿ ವಿಟಿಎ ಪದಕ್ಕೂ ಬರೆದುಕೊಳ್ಳಲು ಇನ್ನೊಂದು ಕಾರಣವಿದೆ. ಮೂಲದ ಕೊನೆ ಏನಿದೆ ಎನ್ನುವುದರ ಮೇಲೆ ಸಂಧಿ ಬದಲಾಗುತ್ತದೆ, 'ನಾನು ಅವನನ್ನು' ರೂಪವೊಂದರಲ್ಲೇ ಅದು ಕಾಣುವುದಿಲ್ಲ. ವಾಪಮ್- ಸಾದಾ. ಪೇಹ್ತವ್- (ಮಾತು ಕೇಳಿಸಿಕೊಳ್ಳು) ನಿಪೇಹ್ತವಾವ್ ಎಂದು ಸಾಧುವಾಗಿ ಶುರುವಾಗಿ, ನಿಪೇಹ್ತಾಕ್, ಕಿಪೇಹ್ತಾತಿನ್ ಎಂದು ಅವ್ ಮತ್ತು ಇ ಸೇರಿ ಆ ಆಗಿಬಿಡುತ್ತದೆ. ಆದರೆ 'ನೀನು ನನ್ನನ್ನು' ರೂಪ ಕಿಪೇಹ್ತವಿನ್. ಪಕಮಹ್ವ್- (ಹೊಡೆ) ನಿಪಕಮಹ್ವಾವ್, ನಿಪಕಮಹೊಕ್, ಕಿಪಕಮಹೊತಿನ್, ಕಿಪಕಮಹೊನ್. ನಕತ್- (ಬಿಟ್ಟುಹೋಗು) ನಿನಕತಾವ್, ನಿನಕತಿಕ್, ಕಿನಕತಿತಿನ್, ಆದರೆ ಕಿನಕಸಿನ್: ಇಲ್ಲಿ ಮಾತ್ರ ತ್ ಹೋಗಿ ಸ್. ಅದೇ ಇ, ಒಂದು ಕಡೆ ತ್ ಅನ್ನು ಬದಲಿಸುತ್ತದೆ, ಇನ್ನೊಂದು ಕಡೆ ಇಲ್ಲ, ಯಾಕೆ? ಕ್ರೀಯ ಪೂರ್ವಜ ಭಾಷೆಯಾದ ಮೂಲ ಅಲ್ಗಾಂಕ್ವಿಯನ್‌ನಲ್ಲಿ ಇ, ಎ ಎರಡು ಬೇರೆ ಸ್ವರಗಳಿದ್ದವು. ಕ್ರೀಯಲ್ಲಿ ಎರಡೂ ಇ ಆದವು. ತ್ ಅನ್ನು ಬದಲಿಸಿದ್ದು ಹಳೆಯ ಇ ಮಾತ್ರ.

ಇಷ್ಟೆಲ್ಲ ಆದ ಮೇಲೆ ಕಾಂಜಂಕ್ಟ್ ರೂಪ, ಅಂದರೆ ಬಹುಪಾಲು ಇನ್ನೊಂದು ವಾಕ್ಯಕ್ಕೆ ಜೋಡಿಸಿ ಹೇಳುವಾಗ ಬರುವ ರೂಪ. ಅದರಲ್ಲಿ ಕಿ-, ನಿ- ಇರುವುದೇ ಇಲ್ಲ, ಎಲ್ಲ ಕೊನೆಯಲ್ಲೇ: ಏ-ವಾಪಮಕ್ (ನಾನು ಅವನನ್ನು), ಏ-ವಾಪಮಿತ್ (ಅವನು ನನ್ನನ್ನು), ಏ-ವಾಪಮಿತಾನ್ (ನಾನು ನಿನ್ನನ್ನು), ಏ-ವಾಪಮಿಯನ್ (ನೀನು ನನ್ನನ್ನು). ಆಡುಮಾತಿನಲ್ಲಿ ಇದು ಹೆಜ್ಜೆಹೆಜ್ಜೆಗೂ ಬರುತ್ತದೆ. ಇದನ್ನು ಮುಂದಿನ ವರ್ಷಕ್ಕೆ ಎಂದು ಬಿಟ್ಟರೆ ಯಾರ ಮಾತೂ ಕಿವಿಗೆ ಹತ್ತುವುದಿಲ್ಲ.

ಉತ್ತರ

ಮೇಲಿನವರು ಬರೆದದ್ದು ಸರಿ. ಆದರೆ ವಾಕ್ಯದಲ್ಲಿ ಇಬ್ಬರೂ 'ಅವನು' ಆದಾಗ ಏನು ಎನ್ನುವುದು ಬಿಟ್ಟುಹೋಗಿದೆ. ಆಗ ಒಬ್ಬ ಮುಖ್ಯ, ಇನ್ನೊಬ್ಬನಿಗೆ ಕೊನೆಯಲ್ಲಿ -ಅ ಸೇರಿ ಅವನು ಹಿನ್ನೆಲೆಗೆ ಸರಿಯುತ್ತಾನೆ. ನಾಪೇವ್ (ಗಂಡಸು), ಅತಿಮ್ (ನಾಯಿ):

ನಾಪೇವ್ ಅತಿಮ್ವ ವಾಪಮೇವ್ – ಗಂಡಸು ನಾಯಿಯನ್ನು ನೋಡುತ್ತಾನೆ
ನಾಪೇವ್ ಅತಿಮ್ವ ವಾಪಮಿಕ್ – ನಾಯಿ ಗಂಡಸನ್ನು ನೋಡುತ್ತದೆ

ನಾಮಪದಗಳು ಎರಡರಲ್ಲೂ ಒಂದೇ. ಈ -ಅ ನಮ್ಮ -ಅನ್ನು ಅಲ್ಲ, ದ್ವಿತೀಯಾ ವಿಭಕ್ತಿ ಎಂದು ಓದಿದರೆ ಎರಡನೇ ವಾಕ್ಯ ತಲೆಕೆಳಗಾಗುತ್ತದೆ. ಪದಗಳ ಕ್ರಮವನ್ನೂ ನಂಬಬೇಡಿ, ಅದು ಸಡಿಲ. ಕ್ರಿಯಾಪದದ ಕೊನೆಯನ್ನೇ ಕೇಳಬೇಕು.

ಈ -ಅ ನಿರ್ಜೀವ ಬಹುವಚನದ -ಅ ಥರವೇ ಕೇಳಿಸುತ್ತದೆ. 'ಅಸಿಕನ ಕಿಕಿಸ್ಕವೇವ್', ಅವನು ಕಾಲುಚೀಲ ಹಾಕಿಕೊಂಡಿದ್ದಾನೆ. 'ಮಸ್ಕಿಸಿನ ಕಿಕಿಸ್ಕಮ್', ಬೂಟು ಹಾಕಿಕೊಂಡಿದ್ದಾನೆ. ಮೊದಲನೆಯದರಲ್ಲಿ -ಅ ಹಿನ್ನೆಲೆಯ ಗುರುತು, ಒಂದು ಚೀಲವೋ ಎರಡೋ ಅದು ಹೇಳುವುದಿಲ್ಲ. ಎರಡನೆಯದರಲ್ಲಿ ಬಹುವಚನ. ಪರೀಕ್ಷೆ ಸುಲಭ: 'ನಾನು' ಎಂದು ಬದಲಿಸಿ. ನಿಕಿಕಿಸ್ಕವಾವಕ್ ಅಸಿಕನಕ್, ನಿಕಿಕಿಸ್ಕೇನ್ ಮಸ್ಕಿಸಿನ. ಸಜೀವ ಪದದ ಬಣ್ಣ ಬಯಲಾಯಿತು.

ಉತ್ತರ

ಪದಸಂಪತ್ತು ಬೆಳೆಸಲು ಒಂದು ದಾರಿ: ವಿಟಿಎ, ವಿಟಿಐ ಜೋಡಿಗಳು ಮನಸ್ಸಿಗೆ ಬಂದ ಹಾಗೆ ಹುಟ್ಟಿಲ್ಲ, ಕೊನೆಯ ತುಂಡು ಕೆಲಸದ ರೀತಿಯನ್ನು ಹೇಳುತ್ತದೆ. ಮನಸ್ಸಿನಿಂದ ಆದರೆ -ಏಯಿಮೇವ್, -ಏಯಿಹ್ತಮ್ (ಕಿಸ್ಕೇಯಿಮೇವ್, ಕಿಸ್ಕೇಯಿಹ್ತಮ್, ತಿಳಿದಿದ್ದಾನೆ). ಕೈಯಿಂದ ಆದರೆ -ನೇವ್, -ನಮ್ (ಒತಿನೇವ್, ಒತಿನಮ್, ತೆಗೆದುಕೊಳ್ಳುತ್ತಾನೆ). ಉಪಕರಣದಿಂದ ಆದರೆ -ಹ್ವೇವ್, -ಹಮ್. ಕನ್ನಡದಲ್ಲಿ ಗಾಜು ಒಡೆಯಿತು, ಗಾಜು ಒಡೆದ, ಎರಡಕ್ಕೂ 'ಒಡೆ' ಸಾಕು. ಕ್ರೀಯಲ್ಲಿ ತಾನೇ ಒಡೆದರೆ ಪೀಕೊಪಯಿವ್, ಕೈಯಿಂದ ಒಡೆದರೆ ಪೀಕೊನಮ್, ಉಪಕರಣದಿಂದ ಪೀಕೊಹಮ್.

ವಿಟಿಎಯನ್ನು ವಿಎಐ ಮಾಡಲೂಬಹುದು: ವಾಪಮಿಸೊವ್, ತನ್ನನ್ನೇ ನೋಡಿಕೊಳ್ಳುತ್ತಾನೆ, ವಾಪಮಿತೊವಕ್, ಒಬ್ಬರನ್ನೊಬ್ಬರು ನೋಡುತ್ತಾರೆ. ಎದುರು ದಿಕ್ಕಿನಲ್ಲಿ ಅತಾವೇವ್‌ನಿಂದ ಅತಾವೇಸ್ತಮವೇವ್, ಅವನಿಗಾಗಿ ಕೊಳ್ಳುತ್ತಾನೆ. 'ಕೊಡು', ಮಿಯೇವ್, ಕೂಡ ವಿಟಿಎ: ಕ್ರಿಯಾಪದ ಹೊಂದುವುದು ಪಡೆಯುವವನ ಜೊತೆ, ಕೊಟ್ಟ ವಸ್ತುವಿನ ಜೊತೆ ಅಲ್ಲ. ಕಿಮಿಯಿತಿನ್, ನಿನಗೆ ಕೊಡುತ್ತೇನೆ. ಕೊಡುವುದು ಬೂಟಾದರೂ ಕಾಲುಚೀಲವಾದರೂ ಅಷ್ಟೇ.

ಕೊನೆಗೊಂದು ಎಚ್ಚರಿಕೆ. ಇಲ್ಲಿರುವುದೆಲ್ಲ ಪ್ಲೇನ್ಸ್ ಉಪಭಾಷೆ, ಯ ಬಳಸುವವರದು. ಸ್ವಾಂಪಿ ಕ್ರೀಯಲ್ಲಿ ಅದೇ ಜಾಗಕ್ಕೆ ನ, ಮೂಸ್ ಕ್ರೀಯಲ್ಲಿ ಲ ಬರುತ್ತದೆ. ವುಡ್ಸ್ ಕ್ರೀಯಲ್ಲಿ ಏ ಇಲ್ಲ, ಅದು ಈ ಜೊತೆ ಬೆರೆತಿದೆ. ಧ್ವನಿಮುದ್ರಿಕೆ ಆರಿಸುವ ಮುನ್ನ ಯಾವ ಕಡೆಯದೆಂದು ನೋಡಿಕೊಳ್ಳಿ. ಪ್ಲೇನ್ಸ್‌ನ ನಿವಾಪಹ್ತೇನ್ ವುಡ್ಸ್‌ನವರ ಬಾಯಲ್ಲಿ -ಈನ್ ಎಂದು ಮುಗಿದರೆ ಅದು ಬೇರೆ ಗುಂಪಿನ ಪದವಲ್ಲ, ಅದೇ ವಿಟಿಐ.