ಕೈ ‘ಹೊಳೆಯುತ್ತದೆ’ಯೋ ‘ಬೆಳಗುತ್ತದೆ’ಯೋ? (ನಾಳೆಯೊಳಗೆ ಬೇಕು)

ಕೇಳಿದವರು, ತುಮಕೂರು:
ಎಲ್ಲರಿಗೂ ನಮಸ್ಕಾರ. ಶನಿವಾರ ಇಲ್ಲಿ ನಾವು ಗೆಳೆಯರು ಸೇರಿ 1936ರ ಕಪ್ಪು-ಬಿಳುಪು ಚಿತ್ರ ‘ದಿ ಇನ್‌ವಿಸಿಬಲ್ ರೇ’ ತೋರಿಸುತ್ತಿದ್ದೇವೆ. ಕನ್ನಡ ಸಬ್‌ಟೈಟಲ್ ನನ್ನ ಪಾಲಿಗೆ ಬಂದಿದೆ. ನಟ ಬೋರಿಸ್ ಕಾರ್ಲಾಫ್ ಪಾತ್ರ ಮಾಡಿರುವ ವಿಜ್ಞಾನಿಗೆ ಆಫ್ರಿಕಾದಲ್ಲಿ ಬಿದ್ದ ಉಲ್ಕೆಯಲ್ಲಿ ‘ರೇಡಿಯಂ ಎಕ್ಸ್’ ಸಿಗುತ್ತದೆ. ಅದರ ವಿಷ ಮೈಗೇರಿ, ಕತ್ತಲಲ್ಲಿ ಅವನ ಮುಖ, ಕೈ ‘ಗ್ಲೋ’ ಆಗುತ್ತವೆ. ಮುದ್ದಿನ ನಾಯಿಯನ್ನು ಸವರಿದರೆ ಅದು ಸತ್ತೇಹೋಗುತ್ತದೆ. ಈ ‘ಗ್ಲೋ’ಗೆ ಏನು ಬರೆಯಲಿ?

‘ಹೊಳೆಯುತ್ತಿದೆ’ ಅಂತ ಬರೆದೆ, ಮನಸ್ಸು ಒಪ್ಪಲಿಲ್ಲ. ಬಿ.ಎಚ್. ರಸ್ತೆಯಲ್ಲಿ ‘ರೇಡಿಯಂ’ ಅಂದರೆ ಬೈಕಿನ ಹಿಂದೆ ಅಂಟಿಸುವ ಸ್ಟಿಕ್ಕರ್. ಅದರಲ್ಲಿ ರೇಡಿಯಂ ಅನ್ನೋ ವಿಕಿರಣ ಸೂಸುವ ಲೋಹ ಚೂರೂ ಇಲ್ಲ. ಹಿಂದಿನ ಗಾಡಿಯ ಲೈಟು ಬಿದ್ದರೆ ಅದನ್ನೇ ವಾಪಸ್ ಕಳಿಸುತ್ತದೆ ಅಷ್ಟೆ. ಅದು ಹೊಳೆಯೋದು. ಇವನ ಕೈಗೆ ಯಾವ ಲೈಟೂ ಬೀಳಬೇಕಿಲ್ಲ.

ಉತ್ತರ, ಕೋಲಾರ:
‘ಬೆಳಗು’. ಚರ್ಚೆಗೆ ಏನಿದೆ? ಬೆಳಕು, ಬೆಳ್ಳಿ, ಬೆಳದಿಂಗಳು, ಬೆಳಗ್ಗೆ ಎಲ್ಲ ಒಂದೇ ಬೇರಿನವು. ಮನೆಯಲ್ಲೇ ಇಷ್ಟಿರುವಾಗ ‘ಗ್ಲೋ’ ಯಾಕೆ? ‘ರೇಡಿಯಂ’ ಕೂಡ ತೆಗೆಯಿರಿ. ಲ್ಯಾಟಿನ್‌ನಲ್ಲಿ ಅದರ ಬೇರಿಗೆ ಕಿರಣ ಅಂತಲೇ ಅರ್ಥ. ‘ಕದಿರು’ ಅಚ್ಚಗನ್ನಡ. ‘ಕದಿರ್ಗಲ್ಲು’ ಅನ್ನಿ.

ಉತ್ತರ, ಚಿಕ್ಕಬಳ್ಳಾಪುರ:
‘ಕದಿರ್ಗಲ್ಲು’ ಯಾರಿಗೂ ಅರ್ಥವಾಗಲ್ಲ. ರೇಡಿಯಂ 1898ರಲ್ಲಿ ಕ್ಯೂರಿ ದಂಪತಿ ಇಟ್ಟ ಹೆಸರು. ಹೆಸರನ್ನು ಯಾರೂ ಅನುವಾದ ಮಾಡಲ್ಲ. ‘ಬೆಳಗು’ವೂ ಬೇಡ. ನಾವು ಬೆಳಗೋದು ಆರತಿ, ದೀಪ. ಮುಟ್ಟಿದರೆ ಸಾಯಿಸುವ ಕೈಗೆ ಆ ಮಾತಾ? ‘ನಿಗಿನಿಗಿ’ ಹಾಕಿ.

ಉತ್ತರ, ಕೋಲಾರ:
ನಿಗಿನಿಗಿ ಕೆಂಡಕ್ಕೆ. ಕೆಂಡ ಕೆಂಪು, ಸುಡುತ್ತದೆ. ಚಿತ್ರದ ಬೆಳಕು ಬೆಳ್ಳಗಿದೆ. ನೋಡಿ ಮಾತಾಡಿ. ಇನ್ನು ಹೆಸರಿನ ಮಾತು. ಪಾದರಸಕ್ಕೆ, ಗಂಧಕಕ್ಕೆ ನಮ್ಮಲ್ಲಿ ಹೆಸರಿಲ್ಲವೇ?

ಉತ್ತರ, ಚಿಕ್ಕಬಳ್ಳಾಪುರ:
ಆ ಎರಡೂ ಸಂಸ್ಕೃತದಿಂದ ಬಂದವು. ಆ ಸಾಲ ನಿಮಗೆ ಸಾಲವಲ್ಲ, ಅಲ್ವಾ?

ಕೇಳಿದವರು, ತುಮಕೂರು:
ಇಬ್ಬರಿಗೂ ಧನ್ಯವಾದ. ‘ರೇಡಿಯಂ ಎಕ್ಸ್’ ಹಾಗೇ ಇರಲಿ. ಆರತಿಯ ಮಾತು ನನಗೆ ನಾಟಿತು. ಆದರೆ ಆರತಿಯನ್ನು ನಾವು ಬೆಳಗುತ್ತೇವೆ. ಇವನ ಕೈ ಯಾರೂ ಹಚ್ಚದೆ ತಾನೇ ಬೆಳಗುತ್ತಿದೆ. ನೋಡುವವರಿಗೆ ದೀಪ ನೆನಪಾದರೆ ಆಗಲಿ. ಆಮೇಲೆ ನಾಯಿ ಸಾಯುತ್ತದಲ್ಲ, ಆಗ ಎದೆ ಜಾಸ್ತಿ ಝಲ್ಲೆನ್ನುತ್ತದೆ. ‘ನನ್ನ ಕೈ ತಾನೇ ಬೆಳಗ್ತಿದೆ’ ಅಂತ ಹಾಕಿದ್ದೇನೆ. ಚಿತ್ರದ ಹೆಸರಿಗೆ ‘ಕಾಣದ ಕಿರಣ’ ಆಗಬಹುದಾ? ಪೋಸ್ಟರ್ ನಾಳೆ ಹತ್ತಕ್ಕೆ ಪ್ರಿಂಟಿಗೆ ಹೋಗುತ್ತದೆ.